ಗುಟ್ಟು ಕೀಲಿಯಲ್ಲಿರಲಿ

ಕೇಳುಗರಿಗೆಲ್ಲ ನಮಸ್ಕಾರ. ಸಂದೇಶವನ್ನು ಗುಟ್ಟಾಗಿ ಬರೆಯುವ, ಆಮೇಲೆ ಅದನ್ನು ಬಿಡಿಸಿ ಓದುವ ಒಂದು ಪುಟ್ಟ ಪ್ರೋಗ್ರಾಂ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಪಿಯುಸಿ, ಡಿಪ್ಲೊಮಾ, ಬಿಸಿಎ ಓದುವ ಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಪಕ್ಕದಲ್ಲಿ ಅಮ್ಮ, ಅಜ್ಜ ಇದ್ದರೆ ಅವರೂ ಕೇಳಲಿ. ಕೂಡುವುದು, ಕಳೆಯುವುದು, ಭಾಗಿಸಿ ಶೇಷ ತೆಗೆಯುವುದು ಬಂದರೆ ಸಾಕು. ಇದರಲ್ಲಿ ಅದಕ್ಕಿಂತ ಜಾಸ್ತಿ ಲೆಕ್ಕ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಟ್ಟು ಇರಬೇಕಾದದ್ದು ಕೀಲಿಯಲ್ಲಿ, ಪ್ರೋಗ್ರಾಂನಲ್ಲಿ ಅಲ್ಲ. ಅಂಗಡಿಯಲ್ಲಿ ಒಂದೇ ನಮೂನೆಯ ಬೀಗವನ್ನು ಊರಿನವರೆಲ್ಲ ಕೊಳ್ಳುತ್ತಾರೆ. ಆದರೂ ನಿಮ್ಮ ಬಾಗಿಲು ಬೇರೆಯವರಿಗೆ ತೆರೆಯುವುದಿಲ್ಲ, ಅಲ್ವಾ? ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಕಳ್ಳನಿಗೂ ಗೊತ್ತು. ಅವನ ಹತ್ತಿರ ನಿಮ್ಮ ಕೀಲಿ ಇಲ್ಲ, ಅಷ್ಟೇ.

ಈಗ ಪ್ರೋಗ್ರಾಂಗೆ ಬರೋಣ. ಇಂಗ್ಲಿಷ್ ಅಕ್ಷರಗಳನ್ನೇ ತೆಗೆದುಕೊಳ್ಳಿ. ಎ ಅಂದರೆ 0, ಬಿ ಅಂದರೆ 1, ಹೀಗೆ ಝಡ್ ಅಂದರೆ 25. ಕೀಲಿ 3 ಅಂತಿಟ್ಟುಕೊಳ್ಳಿ. ಪ್ರತಿ ಅಕ್ಷರದ ನಂಬರಿಗೆ 3 ಕೂಡಿಸಿ. ಎ ಹೋಗಿ ಡಿ ಆಯಿತು, ಬಿ ಹೋಗಿ ಇ ಆಯಿತು. ಎಕ್ಸ್ ಬಂದಾಗ ಏನು ಮಾಡ್ತೀರಿ? ಅದರ ನಂಬರು 23. ಮೂರು ಕೂಡಿಸಿದರೆ 26. ಆ ನಂಬರಿನ ಅಕ್ಷರವೇ ಇಲ್ಲ. 26ರಿಂದ ಭಾಗಿಸಿ ಶೇಷ ತೆಗೆಯಿರಿ. ಶೇಷ ಸೊನ್ನೆ, ಅಂದರೆ ಮತ್ತೆ ಎ. ಇಷ್ಟೇ ಕಣ್ರೀ! ರೋಮಿನ ಜೂಲಿಯಸ್ ಸೀಸರ್ ಬಳಸುತ್ತಿದ್ದದ್ದೂ ಇದೇ ಉಪಾಯ, ಇದೇ ಮೂರು. ಅದಕ್ಕೇ ಇದಕ್ಕೆ ಸೀಸರ್ ಸೈಫರ್ ಅಂತ ಹೆಸರು. ಸೈಫರ್ ಅಂದರೆ ಗುಟ್ಟಾಗಿ ಬರೆಯುವ ವಿಧಾನ.

ಬಿಡಿಸಿ ಓದೋಕೆ ಬೇರೆ ಪ್ರೋಗ್ರಾಂ ಬರೆಯಬೇಡಿ. ತುಂಬಾ ಜನ ಮಕ್ಕಳು ಎರಡೆರಡು ಸಲ ಅದನ್ನೇ ಬರೆದು ತರುತ್ತಾರೆ. ಕೂಡಿಸುವ ಕೆಲಸ ಮಾಡುವ ಅದೇ ಫಂಕ್ಷನ್‌ಗೆ, ಅಂದರೆ ಪ್ರೋಗ್ರಾಂನ ಆ ತುಣುಕಿಗೆ, 3ರ ಬದಲು ಮೈನಸ್ 3 ಕೊಡಿ, ಮುಗಿಯಿತು. ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಮೈನಸ್ 3ನ್ನು 26ರಿಂದ ಭಾಗಿಸಿದರೆ ಶೇಷ 23 ಅಂತಲೇ ಬರುತ್ತದೆ. ಸಿ ಭಾಷೆಯಲ್ಲಿ ಮಾಡುವವರಿಗೆ ಮಾತ್ರ ಮೈನಸ್ 3 ಅಂತಲೇ ಉಳಿಯುತ್ತದೆ. ಅಂಥವರು ಅದಕ್ಕೆ 26 ಕೂಡಿಸಿಕೊಳ್ಳಿ.

ಇಲ್ಲೇ ಒಂದು ಕಥೆ ಹೇಳಬೇಕು. ನನಗೆ ಬಹಳ ಇಷ್ಟವಾದ, ನಿಜವಾಗಿ ನಡೆದ ಕಥೆ.

ಇಟಲಿಯ ಸಿಸಿಲಿಯಲ್ಲಿ ಬರ್ನಾರ್ಡೊ ಪ್ರೊವೆನ್ಸಾನೊ ಅಂತ ಒಬ್ಬ ಮಾಫಿಯಾ ದೊರೆ ಇದ್ದ. 1963ರಲ್ಲಿ ತಲೆಮರೆಸಿಕೊಂಡವನು 43 ವರ್ಷ ಪೊಲೀಸರ ಕೈಗೆ ಸಿಗಲಿಲ್ಲ. ಅವನು ಫೋನ್ ಮುಟ್ಟುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಟೈಪ್‌ರೈಟರಿನಲ್ಲಿ ಚಿಕ್ಕ ಚಿಕ್ಕ ಚೀಟಿಗಳಲ್ಲಿ ಬರೆಯುತ್ತಿದ್ದ. ಚೀಟಿಯನ್ನು ಸಣ್ಣಗೆ ಮಡಚಿ, ಟೇಪು ಸುತ್ತಿ, ನಂಬಿಕೆಯವರ ಕೈಯಿಂದ ಕೈಗೆ ದಾಟಿಸುತ್ತಿದ್ದ. 2006ರ ಏಪ್ರಿಲ್ 11ರಂದು ಅವನದೇ ಊರು ಕೊರ್ಲಿಯೋನೆಯ ಹತ್ತಿರ, ಒಂದು ತೋಟದ ಮನೆಯಲ್ಲಿ ಸಿಕ್ಕಿಬಿದ್ದ. ಹೇಗೆ ಗೊತ್ತಾ? ಹೆಂಡತಿ ಮನೆಯಿಂದ ಅವನಿಗೆ ಒಗೆದ ಬಟ್ಟೆಯ ಗಂಟು ಹೋಗುತ್ತಿತ್ತು. ಪೊಲೀಸರು ಆ ಗಂಟಿನ ಹಿಂದೆ ಬಿದ್ದರು.

ಅಲ್ಲಿ ಸಿಕ್ಕಿದ ಚೀಟಿಗಳಲ್ಲಿ ಕೆಲವು ಹೆಸರುಗಳ ಜಾಗದಲ್ಲಿ ಬರೀ ಅಂಕಿಗಳಿದ್ದವು. ಏನದು ಅಂದರೆ, ಇಟಾಲಿಯನ್ ವರ್ಣಮಾಲೆಯಲ್ಲಿ 21 ಅಕ್ಷರ. ಮೊದಲನೇ ಅಕ್ಷರ ಎ, ಒಂದಕ್ಕೆ ಮೂರು ಕೂಡಿಸಿ 4. ಬಿ ಅಂದರೆ 5. ಕೊನೆಯ ಝಡ್ ಅಂದರೆ 24. ಸೀಸರನದೇ ಮೂರು! ಎರಡು ಸಾವಿರ ವರ್ಷ ಹಳೆಯ ಉಪಾಯವನ್ನು ಇವನು 21ನೇ ಶತಮಾನದಲ್ಲಿ ಬಳಸುತ್ತಿದ್ದ.

ರೋಮಾ ಅನ್ನುವ ಊರಿನ ಹೆಸರನ್ನು ಅವನ ಥರ ಬರೆದು ನೋಡೋಣ. ಆರ್‌ಗೆ 19, ಓಗೆ 16, ಎಮ್‌ಗೆ 14, ಎಗೆ 4. ಒಟ್ಟಿಗೆ ಬರೆದರೆ ಒಂದು, ಒಂಬತ್ತು, ಒಂದು, ಆರು, ಒಂದು, ನಾಲ್ಕು, ನಾಲ್ಕು. ನಡುವೆ ಜಾಗ ಬಿಟ್ಟಿಲ್ಲ. ಹಾಗಾದರೆ ಎಲ್ಲಿ ತುಂಡು ಮಾಡಬೇಕು ಅಂತ ಓದುವವನಿಗೆ ಹೇಗೆ ಗೊತ್ತಾಗುತ್ತೆ? ಇದು ನನಗೆ ತುಂಬಾ ಖುಷಿ ಕೊಡುವ ವಿಷಯ. ನಂಬರು ಶುರುವಾಗುವುದೇ 4ರಿಂದ. ಒಂಟಿ ಒಂದು, ಒಂಟಿ ಎರಡು, ಒಂಟಿ ಮೂರು ಅಂತ ಅಕ್ಷರವೇ ಇಲ್ಲ. ಆದ್ದರಿಂದ ಒಂದು ಅಥವಾ ಎರಡು ಕಂಡರೆ ಅದರ ಮುಂದಿನ ಅಂಕಿಯನ್ನೂ ಸೇರಿಸಿ ಓದಬೇಕು. ನಾಲ್ಕರಿಂದ ಒಂಬತ್ತರವರೆಗಿನ ಅಂಕಿಯಿಂದ ಶುರುವಾದರೆ ಅದೊಂದೇ ಒಂದು ಅಕ್ಷರ. ಎಷ್ಟು ಚೆನ್ನಾಗಿದೆ ನೋಡಿ! ಇದನ್ನು ಬಿಡಿಸುವ ಪ್ರೋಗ್ರಾಂ ಬರೆಯಿರಿ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಲೂಪು, ಹೀಗಿದ್ದರೆ ಹೀಗೆ ಮಾಡು ಅನ್ನುವ ಒಂದು ಇಫ್ ಸಾಕು.

ಆದರೆ ಅವನ ಗುಟ್ಟು ಇದ್ದದ್ದು ಎಲ್ಲಿ? ವಿಧಾನದಲ್ಲಿ. ಅಂಕಿ ಹೇಗೆ ಹುಟ್ಟಿತು ಅಂತ ತಿಳಿಯುವವರೆಗೆ ಮಾತ್ರ ಅದು ಗುಟ್ಟು. ವಿಧಾನ ತಿಳಿದ ಕೂಡಲೇ ಸಿಕ್ಕಿದ ಚೀಟಿಯನ್ನೆಲ್ಲ ಓದಿಬಿಡಬಹುದು. ಗುಟ್ಟು ಇರಬೇಕಾದದ್ದು ಕೀಲಿಯಲ್ಲಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಈ ಮಾತನ್ನು ಆಗುಸ್ಟ್ ಕೆರ್ಕ್‌ಹಾಫ್ಸ್ ಎಂಬ ಮೇಷ್ಟ್ರು 1883ರಲ್ಲೇ ಫ್ರಾನ್ಸಿನ ಒಂದು ಸೇನಾ ಪತ್ರಿಕೆಯಲ್ಲಿ ಬರೆದಿದ್ದರು. ಗುಟ್ಟಾಗಿ ಬರೆಯುವ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು ಅನ್ನುವುದು ಅವರ ಷರತ್ತು.

ನನ್ನ ಹತ್ತಿರ ಹುಡುಗರು ಬರುತ್ತಾರೆ. "ಸಾರ್, ನಾನೇ ಹೊಸ ಸೈಫರ್ ಮಾಡಿದ್ದೀನಿ. ಹೇಗೆ ಅಂತ ಮಾತ್ರ ಹೇಳಲ್ಲ" ಅಂತಾರೆ. ಹೇಳದೇ ಇದ್ದರೆ ಅದು ಗಟ್ಟಿ ಅಂತ ಗೊತ್ತಾಗೋದು ಹೇಗಪ್ಪಾ? ಇವತ್ತು ಬ್ಯಾಂಕುಗಳು ಬಳಸುವ ಎಇಎಸ್ ಅನ್ನುವ ಸೈಫರ್ ನೋಡಿ. ಬೆಲ್ಜಿಯಂನ ಇಬ್ಬರು ಮಾಡಿದ್ದು. 2001ರಲ್ಲಿ ಅಮೆರಿಕ ಅದನ್ನು ತನ್ನ ಮಾನದಂಡ ಅಂತ ಒಪ್ಪಿಕೊಂಡಿತು. ಅದರ ಒಂದೊಂದು ಹೆಜ್ಜೆಯೂ ಯಾರು ಬೇಕಾದರೂ ಓದುವ ಹಾಗೆ ಅಚ್ಚಾಗಿದೆ. ಗುಟ್ಟು ಇರುವುದು ಕೀಲಿಯಲ್ಲಿ ಮಾತ್ರ. ಆ ಕೀಲಿ ಕಡಿಮೆ ಅಂದರೂ 128 ಬಿಟ್, ಅಂದರೆ 128 ಸೊನ್ನೆ-ಒಂದುಗಳ ಸಾಲು. 128 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಎಷ್ಟಾಗುತ್ತದೋ ಅಷ್ಟು ಕೀಲಿಗಳು. ಅಂಕಿಯಲ್ಲಿ ಬರೆದರೆ 39 ಸ್ಥಾನ! ನಮ್ಮ ಸೀಸರ್ ಪ್ರೋಗ್ರಾಂಗೆ ಇರುವುದು ಬರೀ 25 ಕೀಲಿ. ವ್ಯತ್ಯಾಸ ಅಲ್ಲೇ ಇರೋದು.

ಹಾಗಾಗಿ ನಿಮ್ಮ ಪ್ರೋಗ್ರಾಂ ಒಳಗೆ "ಕೀ ಸಮ 3" ಅಂತ ದಯವಿಟ್ಟು ಬರೆದಿಡಬೇಡಿ. ಓಡಿಸುವಾಗ ಕೇಳಿ ಪಡೆಯಿರಿ. ಪ್ರೋಗ್ರಾಂ ಫೈಲನ್ನು ಇಡೀ ಕ್ಲಾಸಿಗೆ ಕಳಿಸಿದರೂ ನಿಮ್ಮ ಕೀಲಿ ನಿಮ್ಮ ಹತ್ತಿರವೇ ಇರಬೇಕು.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಕನ್ನಡದ ಬಗ್ಗೆ ಒಂದು ವಿಷಯ ಬೇಗ ಹೇಳುತ್ತೇನೆ. ಕಂಪ್ಯೂಟರಿನ ಅಕ್ಷರಗಳಿಗೆಲ್ಲ ನಂಬರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಅಕ್ಷರಗಳಿಗೂ ನಂಬರಿದೆ. ಅ ಅಂದರೆ 3205, ಕ ಅಂದರೆ 3221. ಸುಮ್ನೆ ಒಂದು ಕೂಡಿಸುತ್ತಾ ಹೋದರೆ ಕೆಟ್ಟಿತು. ನ ಅಂದರೆ 3240, ಆದರೆ 3241ರಲ್ಲಿ ಯಾವ ಅಕ್ಷರವೂ ಇಲ್ಲ. ಪರದೆಯ ಮೇಲೆ ಖಾಲಿ ಡಬ್ಬಿ ಕಾಣುತ್ತದೆ. ಇನ್ನು ಕಿ ಅನ್ನುವುದು ಕಂಪ್ಯೂಟರಿಗೆ ಒಂದಲ್ಲ, ಎರಡು. ಕ ಬೇರೆ, ಗುಡಿಸು ಬೇರೆ. ಅದಕ್ಕೆ ಕನ್ನಡ ಸಂದೇಶವನ್ನು ಮೊದಲು ಬೈಟ್‌ಗಳಾಗಿ ಬದಲಾಯಿಸಿ. ಅಕ್ಷರವನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕ ಮೂರು ಬೈಟ್, ಗುಡಿಸು ಇನ್ನೊಂದು ಮೂರು ಬೈಟ್. ಪ್ರತಿ ಬೈಟ್ 0ಯಿಂದ 255ರೊಳಗಿನ ನಂಬರು. ಕೀಲಿ ಕೂಡಿಸಿ, 26ರ ಬದಲು 256ರಿಂದ ಶೇಷ ತೆಗೆಯಿರಿ, ನಂಬರುಗಳನ್ನೇ ಕಳಿಸಿ. ಅತ್ತ ಕಡೆಯವರು ಕಳೆದು, ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡಿಕೊಳ್ಳಲಿ.

ಕೊನೆಗೆ ನಿಮಗೊಂದು ಕೆಲಸ. ಪೆನ್ನು ತಗೊಳ್ಳಿ. ಕರ್ನಾಟಕದ ಒಂದು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸೀಸರ್ ಮಾಡಿದ್ದೇನೆ. ಆರ್, ಡಿ, ಎಕ್ಸ್, ಝಡ್, ಡಬ್ಲ್ಯೂ, ಝಡ್. ಇನ್ನೊಂದು ಸಲ. ಆರ್, ಡಿ, ಎಕ್ಸ್, ಝಡ್, ಡಬ್ಲ್ಯೂ, ಝಡ್. ವಿಧಾನ ನಿಮಗೆ ಗೊತ್ತು, ಕೀಲಿ ಹೇಳುವುದಿಲ್ಲ. 1ರಿಂದ 25ರವರೆಗೆ ಒಂದು ಲೂಪು ಓಡಿಸಿ, ಇಪ್ಪತ್ತೈದು ಸಾಲು ಬರುತ್ತವೆ. ಅದರಲ್ಲಿ ಒಂದೇ ಸಾಲು ಊರಿನ ಹೆಸರಾಗಿ ಓದಲು ಬರುತ್ತದೆ. ನಮಸ್ಕಾರ.