ಫ್ರಾನ್ಸ್ ಕೈತಪ್ಪಿತು, ಹೂವು ಮಾತ್ರ ಬಿಡಲಿಲ್ಲ

ನಮಸ್ಕಾರ. ಯುರೋಪಿನ ರಾಜಲಾಂಛನ ಅಂದ ತಕ್ಷಣ ಅದು ಸುಮ್ನೆ ಅಲಂಕಾರ ಅಂದುಕೊಳ್ಳುತ್ತೇವೆ. ಸಿಂಹ, ಕಿರೀಟ, ಬಂಗಾರದ ಬಣ್ಣ. ನನ್ನ ಪ್ರಕಾರ ಅದು ಪಹಣಿ. ಯಾವ ಜಮೀನು ಯಾರದು ಅಂತ ಹೇಳುವ ಕಾಗದ. ಅದರಲ್ಲಿ ತಪ್ಪು ಹೆಸರು ಎಷ್ಟು ಕಾಲ ಉಳಿಯಬಹುದು ಅಂತ ನೋಡಬೇಕಾದರೆ ಇಂಗ್ಲೆಂಡಿನ ಗುರಾಣಿ ನೋಡಿ.

1328ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಚಾರ್ಲ್ಸ್ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಅವನ ಸ್ವಂತ ತಂಗಿಯ ಮಗ. ಆದರೆ ಫ್ರೆಂಚರು ಚಾರ್ಲ್ಸನ ಚಿಕ್ಕಪ್ಪನ ಮಗ ಫಿಲಿಪ್‌ನನ್ನು ಕೂರಿಸಿದರು. ತಾಯಿಯ ಕಡೆಯ ಹಕ್ಕು ಲೆಕ್ಕಕ್ಕಿಲ್ಲ ಅಂದರು. ಎಡ್ವರ್ಡ್ ಮೊದಲು ತಲೆಬಾಗಿದ. ಆಮೇಲೆ 1340ರಲ್ಲಿ, ಈಗಿನ ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯ ಗೆಂಟ್ ಪಟ್ಟಣದಲ್ಲಿ, ತಾನೇ ಫ್ರಾನ್ಸಿನ ರಾಜ ಅಂತ ಘೋಷಿಸಿದ.

ಯಾಕೆ ಗೆಂಟ್? ಫ್ಲಾಂಡರ್ಸಿನ ನೇಕಾರರ ಪಟ್ಟಣಗಳಿಗೆ ಇಂಗ್ಲೆಂಡಿನ ಉಣ್ಣೆ ಬೇಕಿತ್ತು, ಎಡ್ವರ್ಡ್‌ಗೆ ಅವರ ಬೆಂಬಲ ಬೇಕಿತ್ತು. ಆದರೆ ಅವರು ಫ್ರಾನ್ಸಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದ್ದವರು. ಇವನೇ ಫ್ರಾನ್ಸಿನ ರಾಜನಾಗಿಬಿಟ್ಟರೆ ಪ್ರಮಾಣ ಮುರಿದ ಹಾಗಾಗಲ್ಲ, ಅಲ್ವಾ? ವಂಶದ ಗೌರವ ಅಂತ ನಾವು ಓದುವುದರ ಹಿಂದೆ ಉಣ್ಣೆ ವ್ಯಾಪಾರವೂ ಇತ್ತು.

ಗುರಾಣಿಯನ್ನು ನಾಲ್ಕು ಮನೆ ಮಾಡಿದ. ಮೊದಲನೇ ಮನೆ, ಅಂದರೆ ಅತಿ ಗೌರವದ ಜಾಗ, ಫ್ರಾನ್ಸಿನ ಲಿಲ್ಲಿ ಹೂವಿಗೆ. ತನ್ನದೇ ಸಿಂಹಗಳಿಗೆ ಎರಡನೇ ಜಾಗ! ಮುಂದೆ ಫ್ರೆಂಚ್ ರಾಜರು ಲೆಕ್ಕವಿಲ್ಲದ ಹೂವುಗಳನ್ನು ಮೂರಕ್ಕೆ ಇಳಿಸಿದಾಗ ಇಂಗ್ಲಿಷರೂ ಮೂರಕ್ಕೆ ಇಳಿಸಿದರು. ಹಕ್ಕು ಸಾಧಿಸುವವರು ನಕಲಿನಲ್ಲೂ ಹಿಂದೆ ಬೀಳುವಂತಿಲ್ಲ.

1431ರಲ್ಲಿ ಇಂಗ್ಲೆಂಡಿನ ಹುಡುಗ ರಾಜ ಆರನೇ ಹೆನ್ರಿಗೆ ಪ್ಯಾರಿಸ್ಸಿನಲ್ಲೇ ಫ್ರಾನ್ಸಿನ ರಾಜನಾಗಿ ಪಟ್ಟಾಭಿಷೇಕ ಆಯಿತು. ಆ ಮಟ್ಟಿಗೆ ಹಕ್ಕಿಗೆ ಜೀವ ಇತ್ತು. 1453ಕ್ಕೆ ಕ್ಯಾಲೆ ಬಂದರು ಒಂದನ್ನು ಬಿಟ್ಟು ಫ್ರಾನ್ಸಿನಲ್ಲಿ ಇಂಗ್ಲಿಷರ ಕೈಲಿದ್ದದ್ದೆಲ್ಲ ಹೋಯಿತು. 1558ರಲ್ಲಿ ಕ್ಯಾಲೆಯೂ ಹೋಯಿತು. ಹೂವು ಹೋಗಲಿಲ್ಲ.

ನನಗೆ ಜಾಸ್ತಿ ನಗು ತರಿಸುವುದು ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್. 1688ರಲ್ಲಿ ದೇಶ ಬಿಟ್ಟು ಓಡಿದ. ಫ್ರಾನ್ಸಿನ ನಿಜವಾದ ರಾಜ ಹದಿನಾಲ್ಕನೇ ಲೂಯಿ ಪ್ಯಾರಿಸ್ ಹತ್ತಿರ ಅರಮನೆ ಕೊಟ್ಟ, ಖರ್ಚಿಗೂ ಕೊಟ್ಟ. ಅವನ ಅನ್ನ ಉಣ್ಣುತ್ತಲೇ ಈತ ತಾನು ಫ್ರಾನ್ಸಿನ ರಾಜ ಅನ್ನುವ ಬಿರುದನ್ನು ಬಿಡಲಿಲ್ಲ.

1797ರಲ್ಲಿ ಲೀಲ್ ಪಟ್ಟಣದ ಶಾಂತಿ ಮಾತುಕತೆಯಲ್ಲಿ ಫ್ರೆಂಚ್ ಗಣರಾಜ್ಯದವರು ಆ ಬಿರುದು ಬಿಡಿ ಅಂತ ಪಟ್ಟು ಹಿಡಿದರು. ತಮ್ಮದೇ ರಾಜನ ತಲೆ ತೆಗೆದವರು ಇನ್ನೊಬ್ಬನನ್ನು ಯಾಕೆ ಸಹಿಸುತ್ತಾರೆ? ಕೊನೆಗೆ 1801ರ ಜನವರಿ 1ರಂದು, ಐರ್ಲೆಂಡಿನ ಜೊತೆ ವಿಲೀನವಾದ ದಿನ, ಮೂರನೇ ಜಾರ್ಜ್ ಹೂವನ್ನೂ ಬಿರುದನ್ನೂ ತೆಗೆದುಹಾಕಿದ. ಯುದ್ಧದಲ್ಲಿ ಸೋತಲ್ಲ, ಹೊಸ ಲಾಂಛನ ಬರೆಯುವ ನೆಪದಲ್ಲಿ.

ಇದನ್ನು ಪರಂಪರೆ ಅಂತ ಹೊಗಳುವವರಿದ್ದಾರೆ. ನಾನು ಒಪ್ಪಲ್ಲ. ಬಿಟ್ಟುಕೊಡುವ ಧೈರ್ಯ ಯಾವ ರಾಜನಿಗೂ ಬರಲಿಲ್ಲ, ಅಷ್ಟೇ. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ನೋಡಿ. ಅಲ್ಲಿಯವರೆಗೆ ಬ್ರಿಟನ್ನಿನ ರಾಜರೇ ಆಳುತ್ತಿದ್ದ ಜರ್ಮನಿಯ ಹ್ಯಾನೋವರ್‌ನಲ್ಲಿ ಗಂಡು ವಾರಸುದಾರ ಇರುವಾಗ ಹೆಣ್ಣಿಗೆ ಪಟ್ಟ ಇರಲಿಲ್ಲ. ಅದು ಅವಳ ಚಿಕ್ಕಪ್ಪನಿಗೆ ಹೋಯಿತು. ಎಡ್ವರ್ಡ್‌ಗೆ ಫ್ರೆಂಚರು ಹೇಳಿದ್ದಕ್ಕೆ ಹತ್ತಿರದ ಮಾತೇ. ಈ ಸಲ ಯಾರೂ ಜಗಳ ಮಾಡಲಿಲ್ಲ. ಹ್ಯಾನೋವರ್‌ನ ಬಿಳಿ ಕುದುರೆಯನ್ನು ಬ್ರಿಟನ್ನಿನ ಗುರಾಣಿಯಿಂದ ಅದೇ ವರ್ಷ ತೆಗೆದರು.