ಕ್ಷಯದ ಬ್ಯಾಕ್ಟೀರಿಯಾ ಏನು ತಿನ್ನುತ್ತದೆ?

ಕೇಳುಗರಿಗೆ ನಮಸ್ಕಾರ.

ಟಿ.ಬಿ. ಕಲ್ಚರ್ ಮಾಡುವ, ಅಂದರೆ ಕಫದಲ್ಲಿರುವ ಕ್ಷಯದ ಬ್ಯಾಕ್ಟೀರಿಯಾಗೆ ಊಟ ಹಾಕಿ ಬೆಳೆಸುವ ಲ್ಯಾಬಿನಲ್ಲಿ ಕೋಳಿಮೊಟ್ಟೆಗೆ ಬಹಳ ಕೆಲಸ. ಮೊಟ್ಟೆ ಒಡೆದು ಕದಡಿ, ಗ್ಲಿಸರಾಲ್ (ನಾವು ಗ್ಲಿಸರಿನ್ ಅನ್ನೋದು), ಒಂದಿಷ್ಟು ಲವಣ, ಮ್ಯಾಲಕೈಟ್ ಗ್ರೀನ್ ಅನ್ನೋ ಬಣ್ಣ ಬೆರೆಸಿ, ಪುಟ್ಟ ಬಾಟಲಿಗಳಿಗೆ ಹೊಯ್ದು, ಓರೆಯಾಗಿ ಮಲಗಿಸಿ, ಸುಮಾರು 85 ಡಿಗ್ರಿ ಶಾಖದಲ್ಲಿ ಗಟ್ಟಿ ಮಾಡುತ್ತಾರೆ. ನೋಡಿದರೆ ಹಸಿರು ಗಿಣ್ಣು! ಬಣ್ಣ ಅಂದಕ್ಕಲ್ಲ, ಕಫದ ಜೊತೆ ಬಂದ ಬೇರೆ ಬ್ಯಾಕ್ಟೀರಿಯಾ ತಲೆಯೆತ್ತದಿರಲಿ ಅಂತ.

ಯಾಕೆಂದರೆ ಅವು ಅವಸರದವು. ಒಳ್ಳೆಯ ಊಟ ಸಿಕ್ಕರೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ 20 ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಗೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಮಸುಕು ಹಳದಿಯ, ಹೂಕೋಸಿನ ಚೂರಿನಂಥ ಗಂಟು ಕಣ್ಣಿಗೆ ಬೀಳಲು ಮೂರು ನಾಲ್ಕು ವಾರ. ಎಂಟು ವಾರ ಕಾದ ಮೇಲೇ 'ಇಲ್ಲ' ಅನ್ನುವುದು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಈ ರೋಗಾಣುವನ್ನು ಜಗತ್ತಿಗೆ ತಿಳಿಸಿದ ರಾಬರ್ಟ್ ಕಾಕ್ ಕೂಡ ಹೀಗೇ ಕಾದವರು. ಅವರು ಬಡಿಸಿದ್ದು ಮೊಟ್ಟೆಯಲ್ಲ, ಕಾಯಿಸಿ ಗಟ್ಟಿಮಾಡಿದ ರಕ್ತದ ಸೀರಂ.

ಆದರೆ ನಾವು ಬಡಿಸಿದ್ದನ್ನೇ ಅದು ನಮ್ಮ ದೇಹದೊಳಗೂ ತಿನ್ನುತ್ತದೆಯೇ? ಇಲ್ಲೇ ಲ್ಯಾಬು ಎರಡು ಸಲ ಮೋಸಹೋಯಿತು.

1950ರ ದಶಕದ ಪೈರಜಿನಮೈಡ್ ಅನ್ನೋ ಕ್ಷಯದ ಮದ್ದು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಟ್ಯೂಬಿನಲ್ಲಿ ಮಾತ್ರ ಅದು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ದ್ರಾವಣವನ್ನು ತುಸು ಹುಳಿ ಮಾಡಿದಾಗಲೇ ಅದರ ಗುಣ ಗೊತ್ತಾಗಿದ್ದು. ಟ್ಯೂಬನ್ನಷ್ಟೇ ನಂಬಿದ್ದರೆ, ಇವತ್ತು ಚಿಕಿತ್ಸೆಯ ಮೊದಲ ಎರಡು ತಿಂಗಳು ಕೊಡುವ ಆ ಮಾತ್ರೆ ಕಸದಬುಟ್ಟಿ ಸೇರುತ್ತಿತ್ತು.

ಇನ್ನೊಂದು ಇದರ ತಿರುಗಾಮುರುಗಾ. 2010ರಲ್ಲಿ ವರದಿಯಾದ ಒಂದು ಗುಂಪಿನ ರಾಸಾಯನಿಕಗಳು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾವನ್ನು ಸೊಗಸಾಗಿ ಕೊಂದವು, ಇಲಿಯಲ್ಲಿ ಏನೂ ಆಗಲಿಲ್ಲ. ಕಾರಣ ಗ್ಲಿಸರಾಲ್. ಬ್ಯಾಕ್ಟೀರಿಯಾ ಅದನ್ನು ಅರಗಿಸಿಕೊಳ್ಳುವಾಗ ಮಾತ್ರ ಆ ಮದ್ದು ನಾಟುತ್ತಿತ್ತು. ಇಲಿಯ ಮೈಯೊಳಗೆ ಬ್ಯಾಕ್ಟೀರಿಯಾಗೆ ಗ್ಲಿಸರಾಲಿನ ಹಂಗೇ ಇರಲಿಲ್ಲ. ದೇಹದೊಳಗೆ ಅದು ನೆಚ್ಚಿಕೊಂಡಿರುವುದು ಹೆಚ್ಚಾಗಿ ಕೊಬ್ಬನ್ನು, ನಮ್ಮದೇ ಜೀವಕೋಶಗಳ ಕೊಲೆಸ್ಟರಾಲನ್ನು.

ಅದಕ್ಕೇ ಈಗ ಹೊಸ ಮದ್ದು ಹುಡುಕುವ ಹಲವು ಲ್ಯಾಬುಗಳು ಬಾಟಲಿಯ ಅಡುಗೆ ಬದಲಿಸಿವೆ. ಗ್ಲಿಸರಾಲ್ ಬದಲು ಕೊಲೆಸ್ಟರಾಲ್, ಒಂದಿಷ್ಟು ಹುಳಿ, ಕೆಲವೊಮ್ಮೆ ಆಮ್ಲಜನಕಕ್ಕೂ ಕತ್ತರಿ. ಮೊದಲೇ ನಿಧಾನಸ್ಥ, ಈ ಊಟ ಹಾಕಿದರೆ ಇನ್ನೂ ನಿಧಾನ. ಪಿಎಚ್.ಡಿ. ವಿದ್ಯಾರ್ಥಿಗಳು ಬೇರೆ ದಾರಿಯಿಲ್ಲದೆ ಕಾಯುತ್ತಾರೆ.

ನಮಸ್ಕಾರ.