ಶ್ರೀ ಸಾಲದ ವೈಶಾಖ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಒಂದು ಬೆಳಗ್ಗೆ ಗೇಟಿನ ಚಿಲಕ ಸದ್ದಾಯಿತು. ಎದ್ದು ನೋಡಿದರೆ ನಮ್ಮ ಟ್ರೆಡಲ್ ಅಣ್ಣ. ರೇಡಿಯೊದಲ್ಲಿ ತಮ್ಮ ಹೆಸರು ಹೇಳಬಾರದೆಂದು ಅವರು ತಾಕೀತು ಮಾಡಿರುವುದರಿಂದ ಹೀಗೆಯೇ ಕರೆಯುತ್ತೇನೆ. ಎಪ್ಪತ್ತರ ಅಂಚಿನ ವಯಸ್ಸು. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಅಚ್ಚಿನ ಮೆಷಿನ್ ತುಳಿದ ಕಾಲು ಅದು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು, ಮೊಮ್ಮಗಳ ಲಗ್ನಪತ್ರಿಕೆ. ಡಿಟಿಪಿ ಅಂಗಡಿಯ ಹುಡುಗ ಪ್ರೂಫ್ ತೆಗೆದು ಕೊಟ್ಟಿದ್ದನಂತೆ.

"ಒಂದು ಸಲ ಕಣ್ಣಾಡಿಸು" ಎಂದರು. ಕನ್ನಡಕ ತರಲು ಒಳಗೆ ಹೊರಟವನನ್ನು ತಡೆದು, "ಹಾಕಿಕೊಂಡೇ ಬಾ, ಮೂಲೆಯ ಗಾಡಿಯಲ್ಲಿ ಟೀ ಕುಡಿಯುತ್ತಾ ನೋಡೋಣ" ಎಂದರು. ಏನೋ ಹೇಳಲು ಬಂದಿದ್ದಾರೆ ಎಂದು ಆಗಲೇ ನನಗೆ ಗೊತ್ತಾಗಬೇಕಿತ್ತು.

ಅವರು ಹೇಳಿದ್ದನ್ನು ಹೇಳುವ ಮುಂಚೆ ನಮ್ಮ ಪ್ರೆಸ್ಸಿನ ಒಳಗೆ ನಿಮ್ಮನ್ನು ಒಮ್ಮೆ ಕರೆದುಕೊಂಡು ಹೋಗಬೇಕು. ಮೈಸೂರಿನ ಅಗ್ರಹಾರದ ಆಸುಪಾಸಿನ ಒಂದು ಬೀದಿ, ಹೆಂಚಿನ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಅಲ್ಲಿಗೆ ಸೇರಿದ್ದು 1979ರಲ್ಲಿ. ಮುಂಭಾಗದಲ್ಲಿ ಕಿಟಕಿಯ ಬೆಳಕು ಬೀಳುವ ಕಡೆ ಕಂಪೋಸಿಂಗ್. ಹಿಂಭಾಗದ ಕತ್ತಲ ಕೋಣೆಯಲ್ಲಿ ಟ್ರೆಡಲ್, ಅಂದರೆ ಕಾಲಿನಿಂದ ತುಳಿದು ಅಚ್ಚು ಹಾಕುವ ಮೆಷಿನ್. ಕಂಪೋಸಿಂಗ್ ಎಂದರೆ ಮೊಳೆ ಜೋಡಿಸುವುದು. ಸೀಸಕ್ಕೆ ಒಂದಿಷ್ಟು ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳು. ಒಂದೊಂದರ ತಲೆಯ ಮೇಲೂ ಒಂದು ತಿರುಗುಮುರುಗು ಅಕ್ಷರ. ಇಂಗ್ಲಿಷಿನವರದು ಸುಖದ ಬಾಳು, ದೊಡ್ಡದು ಚಿಕ್ಕದು ಸೇರಿದರೂ ಐವತ್ತೆರಡು ಅಕ್ಷರ. ನಮಗೆ ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ಅರ್ಕಾವೊತ್ತು ಬೇರೆ. ಇಳಿಜಾರು ಕೇಸಿನಲ್ಲಿ ನೂರಾರು ಗೂಡು. ಎಡಗೈಯಲ್ಲಿ ಮೊಳೆ ಜೋಡಿಸಿಕೊಳ್ಳುವ ಸ್ಟಿಕ್ಕು, ಬಲಗೈ ಗೂಡುಗಳ ಮೇಲೆ, ಕಣ್ಣು ಮಾತ್ರ ಬರೆದುಕೊಟ್ಟ ಹಾಳೆಯ ಮೇಲೆ. ಮೊದಲ ಆರು ತಿಂಗಳು ನನಗೆ ಜೋಡಿಸುವ ಕೆಲಸವನ್ನೇ ಕೊಡಲಿಲ್ಲ. ಅಚ್ಚಾದ ಮ್ಯಾಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಹಾಕುವುದೇ ಕೆಲಸ. ಸೀಸ ಹೊಟ್ಟೆಗೆ ಹೋಗುತ್ತದೆ ಎಂದು ಸಂಜೆ ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಹಂಚುತ್ತಿದ್ದರು. ಸೋಪು ಹಾಕಿ ಕೈ ತೊಳೆದಿದ್ದರೆ ಬೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂದು ತಿಳಿಯುವಷ್ಟರಲ್ಲಿ ಪ್ರೆಸ್ಸೇ ಇರಲಿಲ್ಲ.

ಟ್ರೆಡಲ್ ಕೆಲಸದ ರೀತಿಯೇ ಬೇರೆ. ಕಬ್ಬಿಣದ ಬಾಯಿ ತೆರೆದಾಗ ಬಲಗೈ ಹಾಳೆ ಇಡಬೇಕು, ಮತ್ತೆ ತೆರೆದಾಗ ಎಡಗೈ ಅದನ್ನು ಎಳೆಯಬೇಕು, ಕಾಲು ತುಳಿಯುತ್ತಲೇ ಇರಬೇಕು. ಕೈ ಪಳಗಿದವರು ಗಂಟೆಗೆ ಎಂಟುನೂರು, ಸಾವಿರ ಹಾಳೆ ತೆಗೆಯುತ್ತಿದ್ದರು. ಲೆಕ್ಕ ತಪ್ಪಿದರೆ ಬೆರಳು ಹೋಗುತ್ತಿತ್ತು. ಇಷ್ಟಾದರೂ ಮುಂಭಾಗದವರಾದ ನಮಗೆ ಹಿಂಭಾಗದವರ ಮೇಲೆ ಒಂದು ಅಸಡ್ಡೆ. ನಾವು ಅಕ್ಷರದವರು, ಅವರು ಮಸಿಯವರು ಎಂದು. ಸಂಬಳದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ, ಮಾತಿನಲ್ಲಿತ್ತು. ಫೋರ್ಮನ್ನರೊಬ್ಬರನ್ನು ಬಿಟ್ಟು ಮುಂಭಾಗದವರೆಲ್ಲ ಟ್ರೆಡಲ್‌ನವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಮೀಸೆ ಬಾರದ ನಾನು ಕಲಿತ ಮೊದಲ ಕಸುಬೇ ಅದು. ಅವರು ನನಗಿಂತ ಎಂಟು ವರ್ಷ ದೊಡ್ಡವರು, ಮದುವೆಯಾದವರು. "ಏಯ್, ಪ್ರೂಫ್ ತೆಗೆದುಕೊಡೋ" ಎಂದು ಕೂಗುತ್ತಿದ್ದೆ.

ವರ್ಷಕ್ಕೊಂದು ದಿನ ಮಾತ್ರ ಇದು ತಲೆಕೆಳಗಾಗುತ್ತಿತ್ತು. ಆಯುಧಪೂಜೆಯ ದಿನ ಮೊದಲ ಹಾರ ಮೆಷಿನ್ನಿಗೆ. ಗಾಲಿಯ ಕೆಳಗೆ ನಿಂಬೆಹಣ್ಣು, ಹೊಸ್ತಿಲಲ್ಲಿ ಬೂದುಗುಂಬಳ. ಟ್ರೆಡಲ್ ಅಣ್ಣ ಮಡಿಪಂಚೆ ಉಟ್ಟು ಮಂಗಳಾರತಿ ಎತ್ತುವಾಗ ಅಕ್ಷರದವರೆಲ್ಲ ಹಿಂದೆ ಕೈಮುಗಿದು ನಿಲ್ಲುತ್ತಿದ್ದೆವು. ಕಡಲೆಪುರಿ ತಿಂದು ಮುಗಿಯುವುದರೊಳಗೆ ಮತ್ತೆ "ಏಯ್" ಶುರುವಾಗುತ್ತಿತ್ತು.

ಅಚ್ಚಿನ ಇತಿಹಾಸದಲ್ಲಿಯೂ ಇದೇ ಕಥೆ ಎಂದು ನನಗೆ ಆಮೇಲೆ ಅನ್ನಿಸಿದೆ. 1843ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತಂದರು. ಅದು ಹೊರಬಂದ ಜುಲೈ 1ನ್ನು ಇಂದಿಗೂ ಪತ್ರಿಕಾ ದಿನ ಎನ್ನುತ್ತೇವೆ. 1894ರಲ್ಲಿ ಅದೇ ಮಿಷನ್ನಿನ ಮಂಗಳೂರು ಪ್ರೆಸ್ಸಿನಿಂದ ಕಿಟೆಲ್ ನಿಘಂಟು ಬಂತು. ಸುಮಾರು 70,000 ಪದಗಳು, ಅಷ್ಟನ್ನೂ ಕೈಯಲ್ಲಿ ಜೋಡಿಸಿದ್ದು. ಮುಖಪುಟದಲ್ಲಿ ಕಿಟೆಲ್ ಅವರ ಹೆಸರಿದೆ, ಇರಲೇಬೇಕು. ಮೊಳೆ ಜೋಡಿಸಿದವರ ಹೆಸರಿಲ್ಲ, ಮೆಷಿನ್ನಿಗೆ ಹಾಳೆ ಕೊಟ್ಟವರದಂತೂ ಇಲ್ಲ. ಹೆಸರಿಲ್ಲದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನನ್ನು "ಏಯ್" ಎನ್ನುತ್ತಿದ್ದನೋ ಏನೋ.

ಇರಲಿ, ಕಥೆಗೆ ಬರುತ್ತೇನೆ. ನಮ್ಮಂಥ ಸಣ್ಣ ಪ್ರೆಸ್ಸಿನ ಅನ್ನ ಪುಸ್ತಕದಿಂದ ಬರುತ್ತಿರಲಿಲ್ಲ. ಬಿಲ್ಲು ಪುಸ್ತಕ, ಕರಪತ್ರ, ಲಗ್ನಪತ್ರಿಕೆಯಿಂದ ಬರುತ್ತಿತ್ತು. ವೈಶಾಖ ಬಂದರೆ ದಿನಕ್ಕೆ ನಾಲ್ಕೈದು ಮದುವೆ. ಆಗ ಕೇಸಿನಲ್ಲಿ ಮೊದಲು ಬರಿದಾಗುತ್ತಿದ್ದ ಗೂಡು ಯಾವುದು ಹೇಳಿ? 'ಶ್ರೀ'ಯದು. ಅಜ್ಜನಿಗೆ ಶ್ರೀ, ಅಪ್ಪನಿಗೆ ಶ್ರೀ, ಇಬ್ಬರು ಸೋದರಮಾವಂದಿರಿಗೆ ಶ್ರೀ, ಅತ್ತೆಯ ಗಂಡನಿಗೆ ಮರೆಯದೆ ಶ್ರೀ. 'ಸುಖಾಗಮನ ಬಯಸುವವರು' ಎಂಬ ಪಟ್ಟಿಯಲ್ಲಿಯೇ ಒಂದು ಡಜನ್. 'ಶ್ರೀಯುತರುಗಳಾದ' ಎಂದು ಮೇಲೊಮ್ಮೆ ಹಾಕಿ ಕೆಳಗೆ ಬರೀ ಹೆಸರು ಕೊಡೋಣವೆಂದರೆ ಪಾರ್ಟಿಯವರು ಒಪ್ಪುತ್ತಿರಲಿಲ್ಲ. ಬೀಗರ ಕಡೆಯವರಿಗೆ ಬಿಡಿಬಿಡಿಯಾಗಿ ಶ್ರೀ ಇಟ್ಟು ತಮ್ಮ ಕಡೆಯವರಿಗೆ ಒಟ್ಟಾಗಿ ಇಟ್ಟರೂ ಆಗದು, ತಿರುಗಿಸಿ ಮಾಡಿದರೂ ಆಗದು. ಹಾಗಾಗಿ ಒಂದು ಮನೆಯ ಪತ್ರಿಕೆ ಅಚ್ಚಾದ ತಕ್ಷಣ ಅದರ ಶ್ರೀಗಳನ್ನು ಕಿತ್ತು, ಮಸಿ ಒರೆಸಿ, ಇನ್ನೊಂದು ಮನೆಯವರ ಹೆಸರಿನ ಮುಂದೆ ನಿಲ್ಲಿಸುತ್ತಿದ್ದೆವು. ಮೈಸೂರಿನ ಎಷ್ಟು ಮನೆತನಗಳಿಗೆ ಒಂದೇ ಶ್ರೀ ಸುತ್ತಿ ಬಂದಿದೆಯೋ!

ಮೊಳೆ ಉಳಿಸಲು, ಸಮಯ ಉಳಿಸಲು ಇನ್ನೊಂದು ಉಪಾಯವಿತ್ತು. ಹಿಂದಿನ ಪತ್ರಿಕೆಯ ಮ್ಯಾಟರನ್ನು ಪೂರ್ತಿ ಬಿಚ್ಚದೆ, '— ಅವರ ಮೊಮ್ಮಗನೂ, — ಅವರ ಮಗನೂ ಆದ' ಎಂಬ ಸಾಲುಗಳನ್ನು ಹಾಗೆಯೇ ಇಟ್ಟುಕೊಂಡು ಹೆಸರು ಮಾತ್ರ ಬದಲಿಸುವುದು. 1981ರ ವೈಶಾಖದಲ್ಲಿ ನಾನು ಬದಲಿಸಿದ್ದೂ ಹೆಸರನ್ನು ಮಾತ್ರ. ಹಿಂದಿನ ಮದುವೆಯ ಗಂಡಿನ ಅಜ್ಜ ತೀರಿಕೊಂಡಿದ್ದರು. ಅವರ ಹೆಸರಿನ ಮುಂದಿದ್ದ 'ದಿ' ಮತ್ತು ಎರಡು ಗೆರೆ ಅಲ್ಲಿಯೇ ಉಳಿಯಿತು. ಈ ಮದುವೆಯ ಅಜ್ಜ ಗಟ್ಟಿಯಾಗಿದ್ದರು.

ಪ್ರೂಫ್ ಹೋಯಿತು. ಅಜ್ಜನ ಮಗ ನೋಡಿ ಸಹಿ ಹಾಕಿ ಕಳಿಸಿದ. ಮುನ್ನೂರು ಪತ್ರಿಕೆ ಅಚ್ಚಾಯಿತು. ಮನೆಯವರು ಕೂತು ನಾಲ್ಕು ಮೂಲೆಗೆ ಅರಿಶಿನ ಹಚ್ಚುವಾಗ ಯಾರೋ ಓದಿದರು.

ಮರುದಿನ ಅಜ್ಜ ಖುದ್ದಾಗಿ ಬಂದರು. ಕೊಡೆ ಮಡಚಿ ಬೆಂಚಿನ ಮೇಲೆ ಕೂತು, ಅರಿಶಿನ ಹಚ್ಚಿದ ಪತ್ರಿಕೆಯನ್ನು ಫೋರ್ಮನ್ನರ ಮೇಜಿನ ಮೇಲಿಟ್ಟು, "ಇದರಲ್ಲಿ ನಾನು ಹೋಗಿಬಿಟ್ಟಿದ್ದೇನೆ. ಯಾವತ್ತು ಎಂದು ತಿಳಿಸಿದರೆ ವೈಕುಂಠ ಸಮಾರಾಧನೆಗೂ ಇಲ್ಲಿಯೇ ಅಚ್ಚು ಹಾಕಿಸುತ್ತೇನೆ" ಎಂದರು. ನಗುತ್ತಲೇ ಹೇಳಿದರು. ಆದರೆ ಕೊಡೆಯ ಹಿಡಿಯ ಮೇಲಿದ್ದ ಕೈ ನಡುಗುತ್ತಿತ್ತು.

ಸಹಿ ಮಾಡಿದ ಪ್ರೂಫ್ ಮೇಜಿನ ಡ್ರಾಯರಿನಲ್ಲಿತ್ತು. ಪ್ರೆಸ್ಸಿನ ಕಾನೂನಿನ ಪ್ರಕಾರ ಸಹಿ ಬಿದ್ದ ಮೇಲೆ ತಪ್ಪು ಪಾರ್ಟಿಯದು. ಲೆಕ್ಕ ಬರೆಯುವವರು ಅದನ್ನು ತೆಗೆಯಲು ಡ್ರಾಯರಿಗೆ ಕೈ ಹಾಕಿದರು. ಫೋರ್ಮನ್ನರು ಎದ್ದು ನಿಂತು ಅದರ ಮೇಲೆ ತಮ್ಮ ಅಂಗೈ ಇಟ್ಟರು. ಒತ್ತಲಿಲ್ಲ, ಇಟ್ಟರು ಅಷ್ಟೆ. "ತಪ್ಪು ನಮ್ಮದು. ನಾಳೆ ಹತ್ತು ಗಂಟೆಗೆ ಹೊಸದು ತಮ್ಮ ಮನೆಗೆ ಬರುತ್ತದೆ" ಎಂದರು. ಅವರು ಎದ್ದದ್ದು ನೋಡಿ ನಾವೂ ಎದ್ದೆವು. ಹಿಂಭಾಗದಲ್ಲಿ ಮೆಷಿನ್ ನಿಂತಿತು.

ಅಜ್ಜ ಹೋದ ಮೇಲೆ ಫೋರ್ಮನ್ನರು ನನ್ನ ಕೇಸಿನ ಹತ್ತಿರ ಬಂದರು. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತಿದ್ದೆ. "ಬಿಚ್ಚು. ರಾತ್ರಿ ಇರು" ಎಂದರು, ಎರಡೇ ಮಾತು. ಆ ವಾರದ ಬಟವಾಡೆಯಲ್ಲಿ ಕಾಗದದ ಖರ್ಚು ಕಡಿತವಾಯಿತು. ನನ್ನ ಹೆಸರಿನ ಮುಂದೆ ಎಷ್ಟೋ, ಫೋರ್ಮನ್ನರ ಹೆಸರಿನ ಮುಂದೆಯೂ ಅಷ್ಟೇ.

ಆ ರಾತ್ರಿ ಕರೆಂಟ್ ಹೋಗಿತ್ತು. ಟ್ರೆಡಲ್‌ಗೆ ಕರೆಂಟ್ ಬೇಡವಲ್ಲ, ಲಾಟೀನು ಸಾಕು. ಅಣ್ಣ ತುಳಿದರು, ಹಸಿ ಮಸಿ ಒಂದರದು ಇನ್ನೊಂದಕ್ಕೆ ಹತ್ತದ ಹಾಗೆ ನಾನು ಹಾಳೆಗಳನ್ನು ನೆಲದ ತುಂಬ ಹರಡಿದೆ. ಮುನ್ನೂರು ಹಾಳೆ ಅರ್ಧ ಗಂಟೆಯ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಪತ್ರಿಕೆಗೆ ಎರಡು ಬಣ್ಣ, ಮೇಲೆ ಗಣಪತಿಯ ಬ್ಲಾಕು, ಜೊತೆಗೆ ಲಕೋಟೆ. ಒಂದು ಬಣ್ಣ ಮುಗಿಸಿ, ರೋಲರ್ ತೊಳೆದು, ಅದು ಒಣಗುವವರೆಗೆ ಕಾದು ಇನ್ನೊಂದು ಬಣ್ಣ. ಎರಡು ಗಂಟೆಯ ಹೊತ್ತಿಗೆ ಫೋರ್ಮನ್ನರು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ತಂದರು. ಮೊದಲ ಲೋಟ ಬಗ್ಗಿಸಿದ್ದು ಅಣ್ಣನಿಗೆ. ಓಟಿ ಎಷ್ಟು ಬರೆಯಲಿ ಎಂದು ಕೇಳಿದಾಗ ಅಣ್ಣ ಬೇಡವೆಂದರು. ನನ್ನ ತಪ್ಪಿಗೆ ರಾತ್ರಿಯೆಲ್ಲ ತುಳಿದ ಮನುಷ್ಯ ಕಾಸೂ ಬೇಡವೆನ್ನುತ್ತಿದ್ದಾರೆ! ಬೆಳಗಿನ ಜಾವ ಕೊನೆಯ ಲಕೋಟೆ ಎತ್ತುವಾಗ ನನ್ನ ಬಾಯಿಂದ ತಾನಾಗಿಯೇ "ಸಾಕು ಅಣ್ಣ, ಕೂತುಕೊಳ್ಳಿ" ಎಂದು ಬಂತು. ಅಂದಿನಿಂದ ಇಂದಿನವರೆಗೂ ಅವರು ನನಗೆ ಅಣ್ಣ, ನೀವು. ನಾನು ಅವರಿಗೆ ನೀನು.

ಈಗ ಟೀ ಗಾಡಿಗೆ ಬರೋಣ. ಅರ್ಧ ಲೋಟ ಮುಗಿದಿತ್ತು.

"ಅವತ್ತು ಚೇಸ್ ಬಿಗಿಯುವಾಗಲೇ ನಾನು ನೋಡಿದ್ದೆ" ಎಂದರು. ಚೇಸ್ ಎಂದರೆ ಜೋಡಿಸಿದ ಮೊಳೆಗಳನ್ನು ಬಿಗಿದು ಮೆಷಿನ್ನಿಗೆ ಏರಿಸುವ ಕಬ್ಬಿಣದ ಚೌಕಟ್ಟು.

"ಏನನ್ನು ಅಣ್ಣ?"

"ದಿ. ಎರಡು ಗೆರೆ."

ಅಣ್ಣ ಓದಿದ್ದು ಮೂರನೆಯ ಕ್ಲಾಸು. ಆದರೆ ಮೊಳೆಯಲ್ಲಿನ ತಿರುಗುಮುರುಗು ಅಕ್ಷರವನ್ನು ನಮಗಿಂತ ಚೆನ್ನಾಗಿ ಓದುತ್ತಿದ್ದರು. ಅಚ್ಚಾದ ಕನ್ನಡಕ್ಕಿಂತ ಅದೇ ತನಗೆ ಸಲೀಸು ಎಂದು ಆಗಲೂ ಹೇಳುತ್ತಿದ್ದರು.

"ಆ ಹಿರಿಯರು ಇದ್ದಾರೆ ಎಂಬುದೂ ಗೊತ್ತಿತ್ತು. ಮ್ಯಾಟರ್ ಕೊಡಲು ಬಂದವರೇ ಅವರು. ನನ್ನ ಹತ್ತಿರ ಒಂದು ಚಿಟಿಕೆ ನಶ್ಯ ಈಸಿಕೊಂಡು ಹೋಗಿದ್ದರು."

"ಮತ್ತೆ ಯಾಕೆ ಹೇಳಲಿಲ್ಲ?"

"ಬೆಳಗ್ಗೆ ನೀನು ಎಲ್ಲರ ಮುಂದೆ, 'ಏಯ್, ಮಸಿ ಜಾಸ್ತಿ ಬಿಡಬೇಡವೋ, ನಿನಗೇನು ಗೊತ್ತು ಅಕ್ಷರದ ಬೆಲೆ' ಎಂದಿದ್ದೆ. ಗೊತ್ತಿಲ್ಲದವನು ಯಾಕೆ ಹೇಳಬೇಕು ಎಂದು ಸುಮ್ಮನಾದೆ. ನಿನಗೆ ನಾಲ್ಕು ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಆ ಹಿರಿಯರೇ ಬಂದು ಕೂರುತ್ತಾರೆ ಎಂದುಕೊಂಡಿರಲಿಲ್ಲ. ಫೋರ್ಮನ್ನರು ಎದ್ದು ನಿಲ್ಲುತ್ತಾರೆ ಎಂದೂ."

ಹಾಗಾದರೆ ಆ ರಾತ್ರಿ, ಆ ಬೇಡವೆಂದ ಓಟಿ? ನಾನು ಕೇಳುವ ಮೊದಲೇ, "ಅದಕ್ಕೆ ಓಟಿ ಹೇಗೆ ಬರೆಸಲಿ?" ಎಂದರು.

ನಲವತ್ತು ವರ್ಷಕ್ಕೂ ಮೇಲೆ ಅದನ್ನು ನಾನು ದೊಡ್ಡತನದ ಲೆಕ್ಕದಲ್ಲಿ ಬರೆದುಕೊಂಡಿದ್ದೆ. ಎಷ್ಟೋ ಹುಡುಗರಿಗೆ ಉದಾಹರಣೆಯಾಗಿ ಹೇಳಿದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಅಕ್ಷರದ ಬೆಲೆ" ಎಂದು ನಾನು ಅಂದದ್ದು ನನಗೆ ನೆನಪೇ ಇರಲಿಲ್ಲ ಎಂಬುದೇ ಹೆಚ್ಚು ಚುಚ್ಚಿತು. ಅಂದವನಿಗೆ ಮರೆತೇ ಹೋಗಿತ್ತು, ಅನ್ನಿಸಿಕೊಂಡವರು ಪದ ಬಿಡದೆ ಇಟ್ಟುಕೊಂಡಿದ್ದರು.

"ಫೋರ್ಮನ್ನರಿಗೆ ಗೊತ್ತಿತ್ತೇ?" ಎಂದೆ.

"ಎರಡು ಗಂಟೆಗೆ ಕಾಫಿ ಬಗ್ಗಿಸಿದರಲ್ಲ, ಆಗ ಲೋಟ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು" ಎಂದರು. ಕೇಳೋಣವೆಂದರೆ ಫೋರ್ಮನ್ನರ ಹೆಸರಿನ ಮುಂದೆ 'ದಿ' ಬಂದು ಬಹಳ ಕಾಲವಾಯಿತು. ಪ್ರೆಸ್ಸೂ ಹೋಯಿತು. ಕಂಪ್ಯೂಟರ್, ಆಫ್‌ಸೆಟ್ ಬಂದ ಮೇಲೆ ಮೊಳೆಗಳನ್ನು ಸೀಸದ ಬೆಲೆಗೆ ತೂಗಿ ಕೊಟ್ಟರು. ಟ್ರೆಡಲ್ ಗುಜರಿಗೆ ಹೋದ ದಿನ ಅಣ್ಣ ರಜೆ ಹಾಕಿದ್ದರು.

ಎರಡನೆಯ ಟೀ ಹೇಳಿ ಪತ್ರಿಕೆ ಬಿಡಿಸಿದೆ. ಫೋರ್ಮನ್ನರು ಕಲಿಸಿದ ಹಾಗೆ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿದೆ. ಹಾಗೆ ಓದಿದರೆ ಅರ್ಥ ದಾರಿ ತಪ್ಪಿಸುವುದಿಲ್ಲ, ಅಕ್ಷರವಷ್ಟೇ ಕಾಣುತ್ತದೆ. ಶ್ರೀಗಳಿಗೆ ಬರವಿಲ್ಲ, ಎಣಿಸಿದರೆ ನಲವತ್ತೊಂದು. ಅತ್ತಿಗೆಯ ಹೆಸರಿನ ಮುಂದೆ 'ದಿ' ಇದೆ, ಸರಿಯಾಗಿಯೇ ಇದೆ. ಅಣ್ಣನ ಹೆಸರಿನ ಮುಂದೆ ಶ್ರೀ ಇದೆ. ಒಂದು ಕಡೆ 'ಆರ್ಶೀವದಿಸಿ' ಎಂದಿತ್ತು. ಅರ್ಕಾವೊತ್ತು ಒಂದು ಮನೆ ಹಿಂದೆ ಸರಿದಿದೆ. ಮೊಳೆಯ ಕಾಲದ ತಪ್ಪು, ಮೊಳೆ ಹೋದರೂ ತಪ್ಪು ಉಳಿದಿದೆ. ಸುತ್ತು ಹಾಕಿ 'ಆಶೀರ್ವದಿಸಿ' ಎಂದು ಅಂಚಿನಲ್ಲಿ ಬರೆದೆ.

ಅಣ್ಣ ಹಾಳೆಯನ್ನು ಈಸಿಕೊಂಡು, ಹಿಂದುಮುಂದು ತಿರುಗಿಸಿ, ಬೆಳಕಿಗೆ ಹಿಡಿದು ಹಿಂಬದಿಯಿಂದ ಒಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಚಾಚಿದರು.

"ಕೆಳಗೆ ಸಹಿ ಹಾಕು. ಆಮೇಲೆ ಮೆಷಿನ್‌ನವನು ಹೇಳಲಿಲ್ಲ ಎನ್ನಬೇಡ."